ಹತ್ತು ಐವತ್ತರ ಸಾಲು

ಶಿವಮೊಗ್ಗ
14 ಜೂನ್ 1998

ಮುರುಗೇಶಪ್ಪನವರಿಗೆ,

ಎರಡು ರಟ್ಟುಗಳ ನಡುವೆ ಒಂದು ಫ್ಲಾಪಿ ಇಟ್ಟು ಕಳಿಸಿದ್ದೇನೆ. ಅಂಚೆಯವರು ಮಡಚದೆ ತಲುಪಿಸಿದರೆ ಅದರಲ್ಲಿ ನನ್ನ ಲಾಗ್ ಪ್ರೋಗ್ರಾಮಿನ ಮೂರನೇ ಆವೃತ್ತಿ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ದೇಶದ ಹವ್ಯಾಸಿಯೊಡನೆ ರೇಡಿಯೋದಲ್ಲಿ ಮಾತಾಡಿದೆವು ಎಂದು ಇಷ್ಟು ವರ್ಷ ಪುಸ್ತಕದಲ್ಲಿ ಗೆರೆ ಹಾಕಿ ಬರೆದೆವಲ್ಲ, ಆ ಕೆಲಸ ಇನ್ನು ಕಂಪ್ಯೂಟರಿನದು. ನನಗೆ ತಪ್ಪು ಹುಡುಕಿ ಕೊಡುವ ಒಬ್ಬರು ಬೇಕಾಗಿದ್ದಾರೆ. ಕಾಲೇಜಿನ ಸಹೋದ್ಯೋಗಿಗಳಿಗೆ ಇದರಲ್ಲಿ ಆಸಕ್ತಿ ಇಲ್ಲ. ನೀವೇ ಆಗಬೇಕು.

ಹೊಸದಾಗಿ ಸೇರಿಸಿದ್ದು ಇಷ್ಟು. ಒಬ್ಬರ ಕಾಲ್‌ಸೈನ್, ಅದೇ ರೇಡಿಯೋ ಗುರುತಕ್ಷರ, ಒತ್ತಿದ ತಕ್ಷಣ ಅವರೊಡನೆ ಹಿಂದೆ ಮಾತಾಡಿದ್ದೆಲ್ಲ ಕೆಳಗಿನ ಚೌಕದಲ್ಲಿ ಬರುತ್ತದೆ. ಹೆಸರು ಮರೆತು ‘ಮಿತ್ರರೇ, ಮಿತ್ರರೇ’ ಎಂದು ತಳ್ಳಿಕೊಂಡು ಹೋಗುವ ನಿಮ್ಮ ಉಪಾಯ ಇನ್ನು ಬೇಕಾಗಿಲ್ಲ. ಒಂದೇ ದಿನ ಒಬ್ಬರನ್ನು ಎರಡು ಸಲ ಬರೆದರೆ ಪ್ರೋಗ್ರಾಂ ಎಚ್ಚರಿಸುತ್ತದೆ. ಸಮಯವನ್ನು ನಿಮ್ಮ ಗೋಡೆ ಗಡಿಯಾರ ನೋಡಿಯೇ ಕೊಡಿ. ಅದರಲ್ಲಿ ಐದೂವರೆ ಗಂಟೆ ಕಳೆದು, ಲಂಡನ್ನಿನ ಸಮಯಕ್ಕೆ ಸರಿಮಾಡಿ ಇಟ್ಟುಕೊಳ್ಳುವುದು ಪ್ರೋಗ್ರಾಮಿನ ಹೊಣೆ. ಜಪಾನಿನವನ ಲಾಗ್, ಇಟಲಿಯವನ ಲಾಗ್, ನಮ್ಮದು, ಮೂರೂ ನಿಮಿಷಕ್ಕೆ ನಿಮಿಷ ಹೊಂದಬೇಕಾದರೆ ಲೋಕಕ್ಕೆಲ್ಲ ಒಂದೇ ಗಡಿಯಾರ ಇರಬೇಕು.

ಒಂದು ಸಲಹೆ. ಭಾನುವಾರಕ್ಕೊಮ್ಮೆ ಎಲ್ಲವನ್ನೂ ಇನ್ನೊಂದು ಫ್ಲಾಪಿಗೆ ನಕಲು ಮಾಡಿ. ಅದನ್ನು ರೇಡಿಯೋದ ಸ್ಪೀಕರ್ ಮೇಲೆ ಇಡಬೇಡಿ, ಅಯಸ್ಕಾಂತ ತಿಂದುಹಾಕುತ್ತದೆ.

73
ಸುಬ್ಬಲಕ್ಷ್ಮಿ


ಓಲ್ಡ್ ಟೌನ್, ಭದ್ರಾವತಿ
2 ಜುಲೈ 1998

ಸುಬ್ಬಲಕ್ಷ್ಮಿ ಮೇಡಂ ಅವರಿಗೆ ಮುರುಗೇಶಪ್ಪನ ನಮಸ್ಕಾರ.

ಫ್ಲಾಪಿಯ ಬೆನ್ನ ಮೇಲೆ ಅಂಚೆ ಮುದ್ರೆ ಎರಡು ಸಲ ಬಿದ್ದಿದೆ. ಆದರೂ ಓಡುತ್ತಿದೆ. ನ್ಯೂ ಟೌನಿನ ಟೈಪಿಂಗ್ ಇನ್ಸ್ಟಿಟ್ಯೂಟಿನವರು ಮಾರಿದ ಕಂಪ್ಯೂಟರನ್ನು ನಾನು ತಂದಾಗ ನಮ್ಮ ಮನೆಯವಳು ಶಾಮಲಾ ಮೂರು ದಿನ ಮಾತು ಬಿಟ್ಟಿದ್ದಳು. ಈಗ ನೋಡಿದರೆ ಅವಳೇ ಅದರ ಮುಂದೆ ಕೂರುತ್ತಾಳೆ. ಅವಳು ಹುಡುಗಿಯಾಗಿದ್ದಾಗ ಲೋಯರ್ ಟೈಪಿಂಗ್ ಪಾಸು ಮಾಡಿದವಳು, ನಾನು ಒಂದು ಬೆರಳಿನವನು. ನಾನು ಹಳೆಯ ಪುಸ್ತಕದಿಂದ ಓದುತ್ತೇನೆ, ಅವಳು ಒತ್ತುತ್ತಾಳೆ. ಅದರಿಂದ ಒಂದು ಕಷ್ಟ ಬಂದಿದೆ. ನನ್ನ ಗುಟ್ಟೆಲ್ಲ ಬಯಲು.

“ಏನ್ರೀ, ಈ ಇಟಲಿಯವನ್ನ ಹನ್ನೊಂದು ಸಲ ಮಳೆ ಹೆಂಗಿದೆ ಅಂತ ಕೇಳಿದ್ದೀರಿ. ನಮ್ಮಪ್ಪನ್ನ ಒಂದ್ಸಲನಾದ್ರೂ ಕೇಳಿದ್ದೀರಾ?” ಎಂದಳು.

ನಿಮ್ಮ ಕಾಗದವನ್ನೂ ಓದಿದಳು. “ಕೊನೇಲಿ ಎಪ್ಪತ್ತಮೂರು ಅಂತ ಬರ್ದಿದ್ದಾರಲ್ಲ, ವಯಸ್ಸಾ?” ಎಂದು ಕೇಳಿದಳು. “ಅಲ್ಲ ಮಾರಾಯ್ತಿ, ಅದು ರೇಡಿಯೋದವರ ಶುಭಾಶಯ” ಎಂದು ತಿಳಿಸಿ ಹೇಳಿದೆ. ನಿಮಗೆ ನಲವತ್ತು ದಾಟಿರಬಹುದು ಅಷ್ಟೇ ಎಂದೂ ಹೇಳಿದೆ. ಅದು ಹೇಗೆ ಗೊತ್ತು ಎಂದು ಇನ್ನೊಂದು ಪ್ರಶ್ನೆ ಬಂತು.

ಇನ್ನು ನಿಮ್ಮ ಲಂಡನ್ ಸಮಯ. ಬೆಳಗಿನ ಜಾವ ನಾಲ್ಕಕ್ಕೆ ನಾನು ಬ್ರೆಜಿಲಿನವನ ಜೊತೆ ಮಾತಾಡಿದ್ದು ಹಿಂದಿನ ದಿನದ ಹತ್ತೂವರೆಗೆ ಹೋಗಿ ಕೂತಿದೆ. “ಹತ್ತೂವರೆಗೆ ನೀವು ಗೊರಕೆ ಹೊಡೀತಿದ್ರಿ, ಇದು ಯಾರ ಲಾಗು?” ಎನ್ನುತ್ತಾಳೆ. ನಮ್ಮ ಸಮಯವನ್ನೂ ಪಕ್ಕದಲ್ಲಿ ಒಂದು ಕಡೆ ಹಾಕಿದರೆ ಒಳ್ಳೆಯದಿತ್ತು. ಫೌಂಡ್ರಿಯ ಪಂಪ್‌ಹೌಸಿನಲ್ಲಿ ನನಗೆ ವಾರಕ್ಕೊಂದು ಶಿಫ್ಟು. ಮೊದಲೇ ಹಗಲು ಯಾವುದು, ರಾತ್ರಿ ಯಾವುದು ಎಂದು ತಲೆ ಕೆಟ್ಟಿರುತ್ತದೆ.

ನನಗೆ ಕಂಡ ತಪ್ಪುಗಳು. ಜೂನ್ ಮೂವತ್ತೊಂದು ಎಂದು ಕೊಟ್ಟರೂ ನಿಮ್ಮ ಪ್ರೋಗ್ರಾಂ ಆಗಲಿ ಎನ್ನುತ್ತದೆ. ಪ್ರಿಂಟ್ ತೆಗೆದರೆ ಏನು ಮಾತಾಡಿದೆವು ಎಂಬ ಷರಾ ಬರುವುದಿಲ್ಲ, ಬರೀ ಅಂಕಿಗಳು. ಅದು ಓದುವ ಹಾಗಿಲ್ಲ. ಷರಾ ಬೇಕು. ಮತ್ತು ತಪ್ಪಾಗಿ ಒತ್ತಿದ ಸಾಲನ್ನು ತೆಗೆಯುವುದು ಹೇಗೆ ಎಂದು ಶಾಮಲಾ ಕೇಳಿದ್ದಾಳೆ. ಪ್ರಿಂಟರಿನ ರಿಬ್ಬನ್ನಿಗೆ ರೇಡಿಯೋ ರಿಪೇರಿಯ ರಸೂಲ್ ಸಾಬರು ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟುಕೊಟ್ಟಿದ್ದಾರೆ. ಅಕ್ಷರ ಮೂಡುತ್ತಿದೆ, ಕಾಗದ ಸ್ವಲ್ಪ ಜಿಡ್ಡು.

73
ಮುರುಗೇಶಪ್ಪ


ಶಿವಮೊಗ್ಗ
19 ಜುಲೈ 1998

ಮುರುಗೇಶಪ್ಪನವರಿಗೆ,

ಜೂನ್ ತಿಂಗಳನ್ನು ಮೂವತ್ತಕ್ಕೆ ನಿಲ್ಲಿಸಿದ್ದೇನೆ. ಫೆಬ್ರವರಿಯೂ ಸರಿಹೋಗಿದೆ.

ಷರಾ ಹಾಕಿದ್ದೇನೆ. ಪ್ರಿಂಟರ್ ಒಂದು ಸಾಲಿಗೆ ಎಂಬತ್ತು ಅಕ್ಷರ ಮಾತ್ರ ಹಿಡಿಸುತ್ತದೆ, ಆದ್ದರಿಂದ ಬೇರೆ ಕಡೆ ಕತ್ತರಿಸಬೇಕಾಯಿತು. ಸಮಯದ ತಲೆಬರಹದಲ್ಲಿ ‘ಯುಟಿಸಿ’ ಎಂದು ಇತ್ತಲ್ಲ, ಲೋಕದ ಗಡಿಯಾರ ಎಂದು ತಿಳಿಸುವುದು, ಅದನ್ನು ತೆಗೆದೆ. ಈಗ ಬರೀ ‘ಸಮಯ’ ಎಂದಿದೆ. ಓದುವವರು ನಾವೇ, ನಮಗೆ ಗೊತ್ತಿದೆ. ನಮ್ಮ ಸಮಯವನ್ನು ಪಕ್ಕದಲ್ಲಿ ಹಾಕಲು ಜಾಗ ಇಲ್ಲ. ಇದ್ದರೂ ಹಾಕುತ್ತಿರಲಿಲ್ಲ. ಲಾಗಿಗೆ ಎರಡು ಗಡಿಯಾರ ಇರಬಾರದು.

ಶಾಮಲಾ ಅವರಿಗೆ: ತಪ್ಪು ಸಾಲಿನ ಮೇಲೆ ನಿಂತು ಆಲ್ಟ್ ಮತ್ತು ಡಿ ಒಟ್ಟಿಗೆ ಒತ್ತಬೇಕು. ಸಾಲು ಹೋಗುತ್ತದೆ, ಕೆಳಗಿನವು ಮೇಲಕ್ಕೆ ಬರುತ್ತವೆ, ಕ್ರಮಸಂಖ್ಯೆಗಳೂ ತಾವೇ ಸರಿಹೋಗುತ್ತವೆ. ಪುಸ್ತಕದಲ್ಲಿ ಗೀಚು ಬೀಳುತ್ತಿತ್ತು. ಇಲ್ಲಿ ಒಂದು ಸಾಲು ಇತ್ತು ಎಂಬ ಗುರುತೂ ಉಳಿಯುವುದಿಲ್ಲ.

73
ಸುಬ್ಬಲಕ್ಷ್ಮಿ


ಭದ್ರಾವತಿ
4 ಅಕ್ಟೋಬರ್ 1998

ಮೇಡಂ,

ಇದು ರೇಡಿಯೋದಲ್ಲಿ ಆಡುವ ಮಾತಲ್ಲ. ಗಾಳಿಗೆ ಬಿಟ್ಟದ್ದನ್ನು ದಾವಣಗೆರೆಯಿಂದ ಮಂಗಳೂರಿನವರೆಗೆ ಯಾರು ಬೇಕಾದರೂ ಕೇಳುತ್ತಾರೆ. ಮೇಲಾಗಿ ಸ್ವಂತ ವ್ಯವಹಾರ ಅಲ್ಲಿ ಎತ್ತಬಾರದೆಂದು ಲೈಸೆನ್ಸಿನಲ್ಲೇ ಇದೆ. ಅದಕ್ಕೆ ಕಾಗದ.

ಹೋದ ತಿಂಗಳು ಒಂಬತ್ತನೇ ತಾರೀಕು ಬುಧವಾರ, ನಂದು ಫಸ್ಟ್ ಶಿಫ್ಟು, ಬೆಳಿಗ್ಗೆ ಆರರಿಂದ ಎರಡರವರೆಗೆ. ಹನ್ನೊಂದು ಕಾಲಿಗೆ ಫರ್ನೇಸಿಗೆ ತಣ್ಣೀರು ಓಡಿಸುವ ಪಂಪು ನಿಂತಿತು. ನಾನು ಅದರ ಪಕ್ಕದಲ್ಲೇ ಇದ್ದೆ. ಎರಡನೇ ಪಂಪು ಹಾಕಿದೆ, ಅದರ ವಾಲ್ವು ಕಚ್ಚಿಕೊಂಡಿತ್ತು. ನಾನೂ ಸ್ಪ್ಯಾನರೂ ಸೇರಿ ಅದನ್ನು ಬಿಡಿಸುವುದರೊಳಗೆ ಹತ್ತು ನಿಮಿಷ ಹೋಯಿತು. ಅಷ್ಟರಲ್ಲಿ ಫರ್ನೇಸಿನ ಕರೆಂಟಿನ ಸುರುಳಿ ಸುಟ್ಟುಹೋಯಿತು. ಪಂಪ್‌ಹೌಸಿನಲ್ಲಿ ನಾನು ಒಬ್ಬನೇ. ಆ ಹತ್ತು ನಿಮಿಷ ಮುರುಗೇಶಪ್ಪ ಎಲ್ಲಿದ್ದ ಎಂದು ಕೇಳಿದರೆ ಸಾಕ್ಷಿ ಹೇಳಲು ಪಂಪಿಗೆ ಬಾಯಿಲ್ಲ.

ಯಾರೋ ಪುಣ್ಯಾತ್ಮರು ಇವನಿಗೆ ವೈರ್‌ಲೆಸ್ ಹುಚ್ಚು ಎಂದು ಪರ್ಸನೆಲ್ ಆಫೀಸರ್ ಓಂಕಾರಪ್ಪನವರ ಕಿವಿಗೆ ಹಾಕಿದರು. ಅವರು ಕರೆಸಿದರು. ಮನುಷ್ಯ ಕೂಗಾಡುವವರಲ್ಲ. ಮೆಲ್ಲಗೆ ಕೇಳುತ್ತಾರೆ.

“ವೈರ್‌ಲೆಸ್ಸಂತೆ? ಯಾವಾಗ ಮಾತಾಡ್ತೀರಿ ಅಂತ ರೆಕಾರ್ಡು ಗಿಕಾರ್ಡು ಇಡ್ತೀರಾ?”

ನನಗೆ ಏನು ಹೆಮ್ಮೆ ಬಂತು ಅಂತೀರಿ! “ಇಡ್ತೀವಿ ಸಾರ್. ಕಂಪ್ಯೂಟರ್ ಲಾಗು. ನಿಮಿಷ ನಿಮಿಷಕ್ಕೆ ಇದೆ” ಎಂದೆ. ಮಾರನೇ ದಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರಿಂಟನ್ನು ಫೈಲಿಗೆ ಹಾಕಿ, ಟ್ಯಾಗು ಕಟ್ಟಿ, ನಾನೇ ಕೊಟ್ಟುಬಂದೆ. ಬೇರೆ ಯಾರಾದರೂ ಇಂಥದ್ದು ಮಾಡುತ್ತಾರಾ ಮೇಡಂ? ನಮ್ಮ ಜಾತಿಯವರೇ ಮಾಡಬೇಕು, ರೇಡಿಯೋ ಜಾತಿ.

ಅವರು ನನ್ನ ಹಾಜರಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಸ್ಕೇಲು ಹಿಡಿದು, ಫಸ್ಟ್ ಶಿಫ್ಟಿನ ವಾರಗಳನ್ನು ಒಂದೊಂದಾಗಿ ನೋಡಿದ್ದಾರೆ. ಮನೆಗೆ ಬಂದು ಉಂಡು ಮಧ್ಯಾಹ್ನ ಮೂರಕ್ಕೆ ನಾನು ಮಾತಾಡಿದ್ದು ಅಲ್ಲಿ ಒಂಬತ್ತೂವರೆ ಅಂತಿದೆ. ಸಂಜೆ ಆರರದ್ದು ಹನ್ನೆರಡೂವರೆ. ತಲೆಬರಹ ಬರೀ ‘ಸಮಯ’. ದಿನಕ್ಕೊಂದರಂತೆ ಇಪ್ಪತ್ತಮೂರು ಸಾಲು, ಹಾಜರಿ ಪಟ್ಟಿಯಲ್ಲಿ ಇಪ್ಪತ್ತಮೂರು ಕೆಂಪು ಟಿಕ್ಕು ಬಿದ್ದಿದೆ.

“ಒಂಬತ್ತನೇ ತಾರೀಕು, ಹನ್ನೊಂದು ಹದಿನಾಲ್ಕು, ಜಪಾನು. ಪಂಪು ನಿಂತಿದ್ದು ಹನ್ನೊಂದು ಹದಿನೈದು. ಒಂದ್ ನಿಮಿಷ ಕಾದು ನಿಂತಿದೆ ನೋಡ್ರಿ, ಮರ್ಯಾದೆ ಇರೋ ಪಂಪು” ಎಂದರು.

“ಸಾರ್, ಅದು ಲಂಡನ್ ಟೈಮು.”

“ಭದ್ರಾವತೀಲಿ ಕೂತು ಲಂಡನ್ ಟೈಮ್ ಯಾಕ್ರೀ ಇಟ್ಕೋತೀರಿ? ಸಂಬಳ ಅಲ್ಲಿಂದ ಬರುತ್ತಾ?”

ಅವರು ಆ ಇಪ್ಪತ್ತಮೂರು ಸಾಲುಗಳನ್ನು ನೋಟೀಸಿನಲ್ಲಿ ನಕಲು ಮಾಡಿಸಿ, ಪ್ರಿಂಟನ್ನು ನನಗೇ ಹಿಂದಕ್ಕೆ ಕೊಟ್ಟು, ಇದನ್ನೇ ಇಂಡಿಯಾ ಟೈಮಲ್ಲಿ ತನ್ನಿ ಎಂದರು. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ನೋಟೀಸಿನ ಕೊನೆಯ ಸಾಲು. ರಿಟೈರಾಗಲು ನನಗೆ ಇನ್ನು ನಾಲ್ಕು ವರ್ಷ ಇದೆ. ಶಾಮಲಾ ಅದನ್ನು ಎರಡು ಸಲ ಓದಿ, ಮಡಚಿ, ರೇಷನ್ ಕಾರ್ಡಿನ ಜೊತೆ ಇಟ್ಟಳು.

ಲಾಗಿನ ಫ್ಲಾಪಿ ಇದರ ಜೊತೆ ಇದೆ. ನಮ್ಮ ಸಮಯದಲ್ಲಿ ಪ್ರಿಂಟ್ ಬರುವ ಹಾಗೆ ಮಾಡಿಕೊಡಿ. ಲೆಕ್ಚರರ್ ಎಂದು ಹಾಕಿ ನೀವೊಂದು ಕಾಗದವನ್ನೂ ಬರೆದುಕೊಟ್ಟರೆ ಅವರು ನಂಬುತ್ತಾರೆ.

73
ಮುರುಗೇಶಪ್ಪ


ಶಿವಮೊಗ್ಗ
9 ಅಕ್ಟೋಬರ್ 1998

ಮುರುಗೇಶಪ್ಪನವರಿಗೆ,

ತಪ್ಪು ನನ್ನದು. ಮೂರಕ್ಷರದ ಜಾಗ ಉಳಿಸಲು ಹೋಗಿ ಹೀಗಾಯಿತು. ಓದುವವರು ನಾವೇ ಎಂದು ಬರೆದಿದ್ದೆ.

ಆವೃತ್ತಿ 3.1 ಕಳಿಸಿದ್ದೇನೆ. ಎಫ್ ಒಂಬತ್ತು ಒತ್ತಿದರೆ ಪ್ರಿಂಟ್ ನಮ್ಮ ಸಮಯದಲ್ಲಿ ಬರುತ್ತದೆ, ಪ್ರತಿ ಹಾಳೆಯ ಮೇಲೂ ಹಾಗೆಂದು ಬರೆದಿರುತ್ತದೆ. ಓಂಕಾರಪ್ಪನವರಿಗೆ ಕಾಗದವನ್ನು ಬೇರೆ ಕವರಿನಲ್ಲಿ ಹಾಕಿದ್ದೇನೆ. ಒಂಬತ್ತನೇ ತಾರೀಕಿನ ಆ ಜಪಾನಿನವರಿಗೆ ಇವತ್ತೇ ಏರ್‌ಮೇಲಿನಲ್ಲಿ ಬರೆದು ಅವರ ಕಾರ್ಡು ತರಿಸಿಕೊಳ್ಳಿ. ಸಂಪರ್ಕದ ಸಮಯವನ್ನು ಅವರು ತಮ್ಮ ಕೈಯಲ್ಲಿ ಬರೆದು ಕಳಿಸುತ್ತಾರೆ. ಅದು ನಿಮ್ಮ ಮಾತೂ ಅಲ್ಲ, ನನ್ನ ಮಾತೂ ಅಲ್ಲ.

ಎರಡು ಲಾಗ್‌ಗಳನ್ನು ಹೊಂದಿಸಿ ನೋಡುವ ಹೊಸ ಸೌಲಭ್ಯವನ್ನೂ ಇದರಲ್ಲಿ ಸೇರಿಸಿದೆ. ಪರೀಕ್ಷೆಗೆಂದು, ನಾನು ಈಗಲೂ ಕೈಯಲ್ಲಿ ಬರೆದಿಡುವ ಪುಸ್ತಕದಲ್ಲಿ ನಿಮ್ಮ ಹೆಸರಿದ್ದ ಸಾಲುಗಳನ್ನು ನಿಮ್ಮ ಫ್ಲಾಪಿಯ ಜೊತೆ ಹೊಂದಿಸಿದೆ. ಮೂವತ್ತೊಂದು ಇದ್ದವು, ಮೂವತ್ತೊಂದೂ ಹೊಂದಿದವು. ಆಗ ಒಂದು ಸಾಲು ಕಣ್ಣಿಗೆ ಬಿತ್ತು.

ಆಗಸ್ಟ್ 19, ಬುಧವಾರ. ನಿಮ್ಮ ಹಳೆಯ ಪ್ರಿಂಟಿನಲ್ಲಿ ಅದು 05:20 ಎಂದಿದೆ, ಅಂದರೆ ಪಾಳಿ ಶುರುವಾಗುವ ಮೊದಲು. ಅದಕ್ಕೇ ಓಂಕಾರಪ್ಪನವರು ಅದನ್ನು ಮುಟ್ಟಿಲ್ಲ. ನಮ್ಮ ಸಮಯಕ್ಕೆ ತಂದರೆ ಅದು 10:50. ಅದು ಪಂಪು ನಿಂತ ದಿನಕ್ಕೆ ಸರಿಯಾಗಿ ಮೂರು ವಾರ ಹಿಂದೆ, ಪಾಳಿಗಳು ಮೂರು, ಆದ್ದರಿಂದ ಆ ವಾರವೂ ನಿಮ್ಮದು ಮೊದಲ ಪಾಳಿ. ಹೊಸ ಪ್ರಿಂಟು ಇಪ್ಪತ್ತಮೂರು ಸಾಲುಗಳನ್ನು ಪಾಳಿಯಿಂದ ಹೊರಕ್ಕೆ ತರುತ್ತದೆ. ಈ ಒಂದನ್ನು ಒಳಕ್ಕೆ ಹಾಕುತ್ತದೆ.

ನನಗೆ ನೆನಪಿದೆ. ನನ್ನ ಹೊಸ ಆಂಟೆನಾ ಹಗಲಿನಲ್ಲಿ ಭದ್ರಾವತಿಗೆ ತಲುಪುತ್ತದೆಯೇ ನೋಡಬೇಕು ಎಂದು ಹಿಂದಿನ ಸಂಜೆ ಕೇಳಿದವಳು ನಾನು. ನೀವು ಎಲ್ಲಿಂದ ಮಾತಾಡುತ್ತೀರಿ ಎಂದು ನಾನು ಕೇಳಲಿಲ್ಲ, ನೀವು ಹೇಳಲಿಲ್ಲ.

ಸಾಲು ಅಳಿಸುವ ಕೀ ಯಾವುದೆಂದು ಶಾಮಲಾ ಅವರಿಗೆ ಗೊತ್ತಿದೆ. ನನ್ನ ಪುಸ್ತಕ ಶಾಯಿಯಲ್ಲಿದೆ.

73
ಸುಬ್ಬಲಕ್ಷ್ಮಿ


ಭದ್ರಾವತಿ
15 ಅಕ್ಟೋಬರ್ 1998

ಮೇಡಂ,

ಪಂಪ್‌ಹೌಸಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ಹ್ಯಾಂಡ್‌ಸೆಟ್ಟಿನಲ್ಲಿ ಮಾತಾಡಿದೆ. ಹನ್ನೊಂದು ನಿಮಿಷ. ಪಂಪಿನ ಸದ್ದು ನನ್ನ ಕಾಲ ಕೆಳಗೇ ಕೇಳುತ್ತಿತ್ತು. ಅವತ್ತು ಯಾವುದೂ ನಿಲ್ಲಲಿಲ್ಲ, ಯಾವುದೂ ಸುಡಲಿಲ್ಲ. ಮರೆತೂಬಿಟ್ಟಿದ್ದೆ. ನೀವು ತೋರಿಸದಿದ್ದರೆ ನೋಡದೆ ಕೊಟ್ಟುಬಿಡುತ್ತಿದ್ದೆ, ಅವರು ಕಂಡರೆ ಕಾಣುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಈಗ ನೋಡಿದ ಮೇಲೆ ಕೊಡುವುದು ಬೇರೆ ಮಾತು. ನನ್ನನ್ನು ಆ ಜಾಗದಲ್ಲಿ ತಂದು ನಿಲ್ಲಿಸಿ, ನನ್ನ ಪುಸ್ತಕ ಶಾಯಿಯಲ್ಲಿದೆ ಎಂದು ಬರೆದಿದ್ದೀರಿ. ಒಳ್ಳೆಯದು.

ಶಾಮಲಾ ಹೇಳಿದಳು: “ಮಾಡದೇ ಇರೋ ಇಪ್ಪತ್ಮೂರಕ್ಕೆ ನಿಮ್ಗೆ ಶಿಕ್ಷೆ ಕೊಡೋಕೆ ಬಂದಿದ್ರಲ್ಲ, ಅದ್ರಲ್ಲಿ ಈ ಒಂದನ್ನ ಮುರ್ಕೊಳ್ಳಿ. ಒತ್ಲಾ?”

ಒತ್ತು ಎಂದೆ. ಒತ್ತಿದಳು. 412 ಇದ್ದದ್ದು 411 ಆಯಿತು. ನೀವು ಹೇಳಿದ ಹಾಗೇ ಗುರುತು ಉಳಿದಿಲ್ಲ. ಪ್ರಿಂಟು ಕೊಟ್ಟು ಬಂದೆ.

ಮುರುಗೇಶಪ್ಪ


ಶಿವಮೊಗ್ಗ
28 ಅಕ್ಟೋಬರ್ 1998

ಮುರುಗೇಶಪ್ಪನವರಿಗೆ,

ಎರಡು ವಾರದಿಂದ ಸಂಜೆ ಆರೂವರೆಗೆ ಕರೆಯುತ್ತಿದ್ದೇನೆ. ನಿಮ್ಮ ಉತ್ತರವಿಲ್ಲ. ರೇಡಿಯೋ ಕೆಟ್ಟಿರಬಹುದು.

ಓಂಕಾರಪ್ಪನವರಿಂದ ಕಾಗದ ಬಂದಿದೆ. ನವೆಂಬರ್ 6, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಪ್ರೋಗ್ರಾಂ ಬರೆದವರು ಬಂದು ವಿವರಿಸಬೇಕು ಎಂದಿದ್ದಾರೆ. ನಿಮ್ಮ ಪ್ರಿಂಟಿನ ಜೊತೆ ಹೊಂದಿಸಿ ನೋಡಲು ನನ್ನ ಸ್ವಂತ ಲಾಗ್ ಪುಸ್ತಕವನ್ನೂ ತರಬೇಕಂತೆ. ಎಂಟರ ಬಸ್ಸಿಗೆ ಹೊರಟು ಬರುತ್ತೇನೆ. ಪುಸ್ತಕ ತರುತ್ತೇನೆ. ಕೇಳಿದ್ದಕ್ಕೆ ಇರುವುದನ್ನು ಹೇಳುತ್ತೇನೆ.

ಇದನ್ನು ಮೊದಲೇ ತಿಳಿಸುವುದು ಸರಿ ಎನ್ನಿಸಿತು.

3.1ರಲ್ಲಿ ಒಂದು ದೋಷವಿದೆ. ತಿಂಗಳ ಮೊದಲ ದಿನದ ಬೆಳಗಿನ ಸಂಪರ್ಕಗಳನ್ನು ನಮ್ಮ ಸಮಯಕ್ಕೆ ತರುವಾಗ ತಾರೀಕು ತಪ್ಪುತ್ತದೆ. ನಿಮ್ಮ ಪ್ರಕರಣದಲ್ಲಿ ಅಂಥ ಸಾಲು ಇಲ್ಲ. ಮುಂದಿನದರಲ್ಲಿ ಸರಿಮಾಡುತ್ತೇನೆ.

73
ಸುಬ್ಬಲಕ್ಷ್ಮಿ


ಭದ್ರಾವತಿ
22 ನವೆಂಬರ್ 1998

ಸುಬ್ಬಲಕ್ಷ್ಮಿ ಮೇಡಂ ಅವರಿಗೆ ನಮಸ್ಕಾರ.

ನಿನ್ನೆ ಆರ್ಡರು ಕೈಗೆ ಬಂತು. ಅದಕ್ಕೂ ಮೊದಲು ವಿಚಾರಣೆಯ ದಿನದ್ದು ಬರೆಯುತ್ತೇನೆ. ನೀವೂ ಅಲ್ಲೇ ಇದ್ದಿರಿ, ನಿಜ. ಆದರೆ ನಾನು ಕೂತಿದ್ದ ಕುರ್ಚಿಯಿಂದ ಅದು ಹೇಗೆ ಕಂಡಿತು ಎಂದು ನಿಮಗೆ ಗೊತ್ತಿರುವುದಿಲ್ಲ. ಶಾಮಲಾಗೆ ನಾಲ್ಕು ಸಲ ಹೇಳಿ ಆಗಿದೆ. ಈಗ ಅವಳು ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಮಾತು ಹೇಳುತ್ತಾಳೆ.

ನೀವು ಬಂದಿರಿ. ಕಂದು ಬಣ್ಣದ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿರಿ. ಒಳಗೆ ಪುಸ್ತಕದ ಮೂಲೆ ಉಬ್ಬಿ ಕಾಣುತ್ತಿತ್ತು. ನಾನು ನಿಮ್ಮ ಮುಖ ನೋಡಲಿಲ್ಲ, ಆ ಮೂಲೆಯನ್ನೇ ನೋಡುತ್ತಿದ್ದೆ.

“ಸಾರ್, ನಿಮ್ಮ ವಾಚಿನಲ್ಲಿ ಈಗ ಎಷ್ಟು?” ಎಂದು ನೀವು ಶುರು ಮಾಡಿದಿರಿ.

“ಹತ್ತೂವರೆ.”

“ಲಂಡನ್ನಿನಲ್ಲಿ ಈಗ ಬೆಳಗಿನ ಐದು.”

“ಇನ್ನೂ ಮಲಗಿರ್ತಾರಾ?”

“ಮಲಗಿರಬಹುದು.”

“ಪುಣ್ಯವಂತರು” ಎಂದರು ಓಂಕಾರಪ್ಪ. ಆಮೇಲೆ ಡ್ರಾಯರಿನಿಂದ ಮಗಳ ಸ್ಕೂಲಿನ ಅಟ್ಲಾಸ್ ತೆಗೆದರಲ್ಲ, ಆಗ ನನಗೆ ಈ ಮನುಷ್ಯನ ಮೇಲೆ ಗೌರವ ಬಂತು. ಮನೆಯಲ್ಲಿ ಓದಿಕೊಂಡು ಬಂದಿದ್ದರು. ಜಪಾನಿನ ಕಾರ್ಡನ್ನು ಮುಂದಿಟ್ಟೆ. ಆ ಮಹಾನುಭಾವ ಎರಡೂ ಬರೆದಿದ್ದ: ಲೋಕದ ಗಡಿಯಾರದಲ್ಲಿ 11:14, ಅವನ ಊರಿನಲ್ಲಿ 20:14. ಓಂಕಾರಪ್ಪನವರು ಅಟ್ಲಾಸಿನ ಗೆರೆಗಳ ಮೇಲೆ ಬೆರಳು ಎಳೆದು, ತುಟಿ ಅಲ್ಲಾಡಿಸಿ ಕೂಡಿ ಕಳೆದು, “ಅವ್ನಿಗೆ ರಾತ್ರಿ ಎಂಟು ಹದಿನಾಲ್ಕು ಅಂದ್ರೆ ನಮ್ಗೆ ಸಂಜೆ ನಾಲ್ಕು ನಲವತ್ತನಾಲ್ಕು. ಸರಿ ಇದೆ” ಎಂದರು. ಹಾಜರಿ ಪಟ್ಟಿಯ ಒಂದೊಂದು ಕೆಂಪು ಟಿಕ್ಕನ್ನೂ ಹೊಡೆದುಹಾಕುತ್ತಾ ಹೋದರು. ಇಪ್ಪತ್ತಮೂರೂ ಹೋದವು. ವಾಲ್ವಿನ ಮಾತನ್ನು ಮೇಂಟೆನೆನ್ಸಿನವರು ಮೊದಲೇ ಒಪ್ಪಿ ಬರೆದುಕೊಟ್ಟಿದ್ದರು.

ನಾನು ಎದ್ದು ಹೋಗಬಹುದು ಅಂದುಕೊಂಡೆ.

“ಕೊನೇದಾಗಿ ಮೇಡಂ, ನಿಮ್ ಪುಸ್ತಕ ತಂದಿದ್ದೀರಲ್ಲ, ಇದ್ರ ಜೊತೆ ಒಂದ್ಸಲ ಹೊಂದ್ಸಿ ನೋಡ್ಬಿಡೋಣ. ಫೈಲು ಪೂರ್ತಿ ಆಗುತ್ತೆ” ಎಂದರು.

ನಿಮ್ಮ ಕೈ ಚೀಲದ ಜಿಪ್ಪಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ನೀವು ಏನೋ ಹೇಳಲು ಹೊರಟಿರಿ.

“ಸಾರ್, ಪುಸ್ತಕ ಬೇಡ. ನನ್ ಪ್ರಿಂಟಲ್ಲಿ ಒಂದು ಸಾಲು ಕಮ್ಮಿ ಇದೆ. ನಾನೇ ತೆಗೆಸ್ದೆ” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. “ಯಾವ ಸಾಲು?”

“ಆಗಸ್ಟ್ ಹತ್ತೊಂಬತ್ತು, ಹತ್ತು ಐವತ್ತು. ಫಸ್ಟ್ ಶಿಫ್ಟು. ಟ್ಯಾಂಕ್ ಮೇಲೆ ಹತ್ತಿ ಹನ್ನೊಂದು ನಿಮಿಷ ಮಾತಾಡಿದೀನಿ ಸಾರ್.”

“ಯಾರ್ ಜೊತೆ?”

“ಇವ್ರ ಜೊತೇನೇ.”

ಓಂಕಾರಪ್ಪನವರು ನನ್ನನ್ನು ನೋಡಿದರು, ನಿಮ್ಮನ್ನು ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದರು. “ಏನು ಮಾತಾಡಿದ್ರಿ?”

“ಕೇಳಿಸುತ್ತಿದೆಯೇ ಎಂದು ಕೇಳಿದೆ. ಕೇಳಿಸುತ್ತಿದೆ ಎಂದರು” ಎಂದಿರಿ ನೀವು.

“ಅಷ್ಟಕ್ಕೆ ಹನ್ನೊಂದು ನಿಮಿಷನಾ?”

“ಆಂಟೆನಾವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಕೇಳಿದೆ.”

ಬರೆದುಕೊಳ್ಳುತ್ತಿದ್ದ ಗುಮಾಸ್ತ ನಗು ತಡೆಯಲಾಗದೆ ಕೆಮ್ಮಿದ. ಓಂಕಾರಪ್ಪನವರು ನಗಲಿಲ್ಲ. “ಮಾತಾಡಿದ್ದು ದೊಡ್ಡದಲ್ಲ ಮುರುಗೇಶಪ್ಪ. ನಾನು ಕೇಳಿದ ರೆಕಾರ್ಡಲ್ಲಿ ಕೈ ಆಡ್ಸಿದ್ರಲ್ಲ, ಅದು” ಎಂದರು.

ಆರ್ಡರು ಹೀಗಿದೆ. ಪಂಪಿನ ಆರೋಪ ಕೈಬಿಟ್ಟಿದ್ದಾರೆ. ಶಿಫ್ಟಿನಲ್ಲಿ ಮಾತಾಡಿದ್ದಕ್ಕೆ ಎಚ್ಚರಿಕೆ. ಸಾಲು ಅಳಿಸಿದ್ದಕ್ಕೆ ಹದಿನೈದು ದಿನ ಸಸ್ಪೆಂಡು, ಆಮೇಲೆ ಪಂಪ್‌ಹೌಸು ಇಲ್ಲ, ಸ್ಟೋರಿಗೆ ವರ್ಗ. ಕೆಲಸ ಉಳಿಯಿತು. ಇಪ್ಪತ್ತಾರು ವರ್ಷ ಆ ಪಂಪುಗಳ ಸದ್ದು ಕೇಳಿದವನು ನಾನು, ಇನ್ನು ನಟ್ಟು ಬೋಲ್ಟು ಎಣಿಸಬೇಕು. “ಬಾಯಿ ಮುಚ್ಕೊಂಡು ಕೂತಿದ್ರೆ ಏನ್ ಹೋಗ್ತಿತ್ತು ನಿಮ್ದು?” ಎಂದಳು ಶಾಮಲಾ. ನಿನ್ನೆ ಸಂಜೆ ಪಾಯಸ ಮಾಡಿದ್ದಳು. ಎರಡಕ್ಕೂ ಅವಳೇ ಅರ್ಥ ಹೇಳಬೇಕು.

ಈಗ ನನ್ನ ಮಾತು. ಹೊರಗೆ ಬಂದ ಮೇಲೆ ಟೀ ಕುಡಿದು ಹೋಗಿ ಎಂದೆ. ಮಧ್ಯಾಹ್ನ ಕ್ಲಾಸಿದೆ ಎಂದು ಬಸ್ಸು ಹತ್ತಿದಿರಿ. ಕೇಳಬೇಕು ಅಂದುಕೊಂಡದ್ದು ಬಾಯಲ್ಲೇ ಉಳಿಯಿತು. ನಿಮ್ಮ ಚೀಲಕ್ಕೆ ಹೆದರಿ ಹೇಳಿದೆನೋ, ಅದು ನಿಮ್ಮ ಬಾಯಿಂದ ಬರುವುದು ಬೇಡ ಎಂದು ಹೇಳಿದೆನೋ, ನನಗೇ ತಿಳಿಯದು. ರಾತ್ರಿ ಒಂದು ಅನ್ನಿಸುತ್ತದೆ, ಬೆಳಿಗ್ಗೆ ಇನ್ನೊಂದು. ನೀವು ಇರುವುದನ್ನು ಇದ್ದ ಹಾಗೆ ಹೇಳುವವರು, ಅದಕ್ಕೆ ನಿಮ್ಮನ್ನೇ ಕೇಳುತ್ತೇನೆ. ನಾನು ಸುಮ್ಮನಿದ್ದಿದ್ದರೆ ನೀವು ಆ ಪುಸ್ತಕ ತೆಗೆದು ಹತ್ತು ಐವತ್ತರ ಸಾಲು ಓದುತ್ತಿದ್ದಿರಾ? ಓದುತ್ತಿದ್ದೆ ಎಂದರೂ ನನಗೆ ಬೇಜಾರಿಲ್ಲ. ತಿಳಿದಿರಲಿ ಅಂತ.

ರೇಡಿಯೋ ಕೆಟ್ಟಿರಲಿಲ್ಲ. ಅದು ನಿಮಗೆ ಗೊತ್ತಿತ್ತು.

73
ಮುರುಗೇಶಪ್ಪ


ಶಿವಮೊಗ್ಗ
29 ನವೆಂಬರ್ 1998

ಮುರುಗೇಶಪ್ಪನವರಿಗೆ,

ನಾಲ್ಕನೇ ಆವೃತ್ತಿ ಕಳಿಸಿದ್ದೇನೆ. ಬದಲಾವಣೆಗಳು ಇವು.

ಸಮಯ ಎರಡು ಅಂಕಣಗಳಲ್ಲಿದೆ, ಒಂದು ಲೋಕದ್ದು, ಒಂದು ನಮ್ಮದು. ಎರಡರ ಮೇಲೂ ಯಾವುದು ಯಾವುದೆಂದು ಬರೆದಿದೆ. ಲಾಗಿಗೆ ಎರಡು ಗಡಿಯಾರ ಇರಬಾರದು ಎಂದಿದ್ದೆ, ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಜಾಗ ಸಾಲದೆ ಷರಾ ಎರಡನೇ ಸಾಲಿಗೆ ಹೋಗಿದೆ, ಕಾಗದ ಹೆಚ್ಚು ಬೇಕಾಗುತ್ತದೆ. ತಿಂಗಳ ಮೊದಲ ದಿನದ ದೋಷ ಸರಿಹೋಗಿದೆ.

ಆಲ್ಟ್ ಮತ್ತು ಡಿ ಇನ್ನು ಕೆಲಸ ಮಾಡುವುದಿಲ್ಲ. ತಪ್ಪು ಸಾಲಿನ ಮೇಲೆ ಒಂದು ಗೆರೆ ಬೀಳುತ್ತದೆ, ಸಾಲು ಅಲ್ಲೇ ಇರುತ್ತದೆ, ಪಕ್ಕದಲ್ಲಿ ಗೆರೆ ಹಾಕಿದ ತಾರೀಕು ಬರುತ್ತದೆ. ಶಾಮಲಾ ಅವರಿಗೆ ತೊಂದರೆಯಾಗಬಹುದು. ಇದನ್ನು ನಿಮ್ಮ ಕಾರಣಕ್ಕೆ ಮಾಡಿದ್ದಲ್ಲ.

ಆಗಸ್ಟ್ ಹತ್ತೊಂಬತ್ತರದ್ದನ್ನು ಮತ್ತೆ ಬರೆಯುವುದಾದರೆ ಅದು ಹಳೆಯ ಜಾಗಕ್ಕೆ ಹೋಗುವುದಿಲ್ಲ, ಕೊನೆಯಲ್ಲಿ ಹೊಸ ಸಂಖ್ಯೆಯೊಡನೆ ನಿಲ್ಲುತ್ತದೆ. ಹಾಗೇ ಬಿಡಿ.

ನಿಮ್ಮ ಪ್ರಶ್ನೆಗೆ ಉತ್ತರ. ಅವತ್ತು ಚೀಲದಲ್ಲಿದ್ದದ್ದು ಎರಡನೇ ಬಿ.ಎಸ್ಸಿ.ಯವರ ಹಾಜರಿ ಪುಸ್ತಕ. ಲಾಗ್ ಪುಸ್ತಕವನ್ನು ಬೆಳಿಗ್ಗೆ ಚೀಲಕ್ಕೆ ಹಾಕಿದ್ದೆ. ಬಾಗಿಲಿಗೆ ಬೀಗ ಹಾಕಿದವಳು ಮತ್ತೆ ತೆಗೆದು ಒಳಗೆ ಹೋಗಿ, ಅದನ್ನು ಕಪಾಟಿನಲ್ಲಿಟ್ಟು ಬಂದೆ. ಎಂಟರ ಬಸ್ಸು ತಪ್ಪಿತು, ಎಂಟೂ ಇಪ್ಪತ್ತರದ್ದು ಹಿಡಿದೆ. ಓಂಕಾರಪ್ಪನವರು ಪುಸ್ತಕ ಕೇಳಿದಾಗ, ಮರೆತು ಬಂದೆ ಎಂದು ಹೇಳಲು ಬಾಯಿ ತೆರೆದಿದ್ದೆ.

ನೀವು ಮೊದಲು ಮಾತಾಡಿದಿರಿ.

73
ಸುಬ್ಬಲಕ್ಷ್ಮಿ